ಪಕ್ಕದ ರಬ್ಬಿ

ಶನಿವಾರ ಬೆಳಗ್ಗೆ ಸಿನಗಾಗ್‌ನ ಬಾಗಿಲು ತೆರೆದುಕೊಂಡು ಜನ ಹೊರಗೆ ಬರತೊಡಗಿದರು. ಪ್ರಾರ್ಥನೆ ಮುಗಿಯುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ವಾನ್ ಎಂಬ ಆ ಪರದೇಶದ ಊರಿನ ಬೀದಿಯಲ್ಲಿ ಯಹೂದಿಗಳ ಆ ಮಂದಿರಕ್ಕೂ, ಪಕ್ಕದ ಹಳೆಯ ಗೋದಾಮಿನಲ್ಲಿ ನಡೆಯುತ್ತಿದ್ದ ಕನ್ನಡಿಗರ ದೇವಸ್ಥಾನಕ್ಕೂ ಒಂದೇ ಪಾರ್ಕಿಂಗ್ ಲಾಟು. ಅರ್ಚಕ ರಾಮಮೂರ್ತಿಗಳು ಬಾಡಿದ ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತು ನೋಡಿದರು. ಮುದುಕರೊಬ್ಬರು ನೆತ್ತಿಯ ಮೇಲಿನ ಪುಟ್ಟ ಟೋಪಿಯನ್ನು ಕಿತ್ತು ಜೇಬಿಗೆ ತುರುಕಿ, ಕಾರಿನ ಬಾಗಿಲನ್ನು ದಢಾರನೆ ಎಳೆದುಕೊಂಡರು.

ಶನಿವಾರಗಳಲ್ಲಿ ಆ ಸಿನಗಾಗ್‌ಗೆ ಊಟ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದ ರಾಮಮೂರ್ತಿಗಳ ಹೆಂಡತಿ ಮಾಧುರಿ ಮಧ್ಯಾಹ್ನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ರಬ್ಬಿ ಶೋಶಾನಾ ಇವತ್ತು ಪ್ರವಚನದಲ್ಲಿ ಯುದ್ಧದ ಬಗ್ಗೆ ಮಾತಾಡಿದ್ರು ಕಣ್ರೀ. ಒತ್ತೆಯಾಳುಗಳಿಗೋಸ್ಕರ ಅತ್ತಿದೀನಿ, ಗಾಜಾದಲ್ಲಿ ಹಸ್ಕೊಂಡಿರೋ ಮಕ್ಕಳಿಗೋಸ್ಕರ ಅಳ್ದೇ ಇದ್ರೆ ನನ್ನ ಪ್ರೇಯರ್‌ಗೆ ಅರ್ಥ ಇಲ್ಲ ಅಂದ್ರು. ಅರ್ಧಕ್ಕರ್ಧ ಜನ ಎದ್ದು ಹೋದ್ರು. ಅದ್ರಲ್ಲಿ ಒಬ್ರ ತಂಗಿ ಮಗ ಆ ಯುದ್ಧದಲ್ಲಿ ಸತ್ತಿದಾನಂತೆ, ಅವ್ರನ್ನೂ ಬೈಯೋ ಹಾಗಿಲ್ಲ. ಆದ್ರೂ ಆಯಮ್ಮ ಒಂದು ಗುಟುಕು ನೀರು ಕುಡ್ದು ಕಂಟಿನ್ಯೂ ಮಾಡಿದ್ರು!"

ಹೆಂಡತಿಯ ಕಣ್ಣು ಹೊಳೆಯುತ್ತಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ರಾಮಮೂರ್ತಿಗಳು ಮಂತ್ರ ಹೇಳುವುದನ್ನು ಆಕೆ ಸಾವಿರ ಸಲ ಕೇಳಿದ್ದಳು. ಒಂದು ಸಲವೂ ಹೀಗೆ ಹೊಳೆದದ್ದಿಲ್ಲ.

"ಅವ್ರಿಗೇನು, ಇಲ್ಲೇ ಹುಟ್ಟಿ ಬೆಳೆದೋರು. ನಂದು ವರ್ಕ್ ಪರ್ಮಿಟ್ಟು. ಕಮಿಟಿಯೋರು ಬೇಡ ಅಂದ್ರೆ ಮುಂದಿನ ತಿಂಗಳೇ ಗಂಟುಮೂಟೆ ಕಟ್ಬೇಕು."

"ನಾನು ನಿಮ್ಮ ವಿಷಯ ಎಲ್ಲಿ ಎತ್ತಿದೆ?" ಎಂದಳು ಮಾಧುರಿ.

ಎತ್ತಿರಲಿಲ್ಲ, ನಿಜ. ಆದರೆ ಇಬ್ಬರಿಗೂ ಗೊತ್ತಿತ್ತು. ಶಾಲೆಗಳಲ್ಲಿ ಜಾತಿಯ ಹೆಸರು ಹಿಡಿದು ಮಕ್ಕಳನ್ನು ಹಂಗಿಸಬಾರದೆಂದು ಸ್ಕೂಲ್ ಬೋರ್ಡು ಒಂದು ನಿರ್ಣಯ ತರಲು ಹೊರಟಿತ್ತು. 'ನಮ್ಮವರಲ್ಲಿ ಜಾತಿಭೇದವೇ ಇಲ್ಲ' ಎಂದು ದೇವಸ್ಥಾನದ ಕಮಿಟಿ ಅದನ್ನು ವಿರೋಧಿಸಿ ಪತ್ರ ಬರೆದು, ಮೊದಲ ಸಹಿಯನ್ನು ಅರ್ಚಕರಿಂದಲೇ ಹಾಕಿಸಿತ್ತು. ಅದರ ಹಿಂದಿನ ವಾರವಷ್ಟೇ ಲೀಲಮ್ಮ ಎಂಬವರು ನೈವೇದ್ಯಕ್ಕೆಂದು ಮನೆಯಿಂದ ಪಾಯಸ ಮಾಡಿ ತಂದಿದ್ದರು. ಅವರು ಯಾವ ಪೈಕಿ ಎಂದು ಕಮಿಟಿಯವರು ಮೆಲ್ಲಗೆ ವಿಚಾರಿಸಿ, ಪಾತ್ರೆ ಒಳಗೆ ಹೋಗುವುದು ಬೇಡ ಎಂದರು. ಮುಚ್ಚಳ ತೆಗೆಯದ ಆ ಪಾತ್ರೆಯನ್ನು ಕಾರಿನ ತನಕ ಹೊತ್ತು ಹಿಂತಿರುಗಿಸಿದವರು ರಾಮಮೂರ್ತಿಗಳೇ. ಇನ್ನೂ ಬಿಸಿಯಾಗಿತ್ತು ಅದು. ಸಹಿ ಹಾಕುವಾಗ ನೆನಪಾಗಿತ್ತು. ಆದರೂ ಹಾಕಿದ್ದರು.

ಮಂಗಳವಾರ ಮಾಧುರಿ ಅಳುಮುಖ ಮಾಡಿಕೊಂಡು ಬಂದಳು. ರಬ್ಬಿಯನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರ ಆಡಳಿತ ಮಂಡಳಿ ಸಭೆ ಕರೆದಿತ್ತಂತೆ. "ಅಯ್ಯೋ ಪಾಪ," ಎಂದರು ರಾಮಮೂರ್ತಿಗಳು. ಎದೆಯಲ್ಲಿ ಮೂರು ದಿನದಿಂದ ಉರಿಯುತ್ತಿದ್ದದ್ದು ತಣ್ಣಗಾದಂತಾಯಿತು. ಅಂದು ಸಾರನ್ನವನ್ನು ಎರಡನೇ ಸಲ ಹಾಕಿಸಿಕೊಂಡರು. ಮಾಧುರಿ ಬಡಿಸಿ ಅಡುಗೆಮನೆಗೆ ಹೊರಟುಹೋದಳು.

ಗುರುವಾರ ಮಂಗಳಾರತಿ ಮುಗಿದ ಮೇಲೆ ರಬ್ಬಿಯೇ ದೇವಸ್ಥಾನಕ್ಕೆ ಬಂದರು. ಕುಳ್ಳಗಿನ ಹೆಂಗಸು, ಕಣ್ಣಿನ ಸುತ್ತ ಕಪ್ಪು. ಶನಿವಾರ ತಮ್ಮವರು ಸಿಟ್ಟಿನಲ್ಲಿ ಕಾರು ಅಡ್ಡಾದಿಡ್ಡಿ ತೆಗೆದು ಇಲ್ಲಿನ ಭಕ್ತರಿಗೆ ತೊಂದರೆ ಕೊಟ್ಟರೆಂದು ಕ್ಷಮೆ ಕೇಳಿದರು. ರಾಮಮೂರ್ತಿಗಳು ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಪರವಾಗಿಲ್ಲ ಎಂದರು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ನಿಮಗೆ ಹೆದರಿಕೆ ಆಗಲಿಲ್ಲವೇ?"

"ಈಗಲೂ ಆಗ್ತಿದೆ. ಮೊದಲು ಎದ್ದು ಹೋದವರು ನಮ್ಮಪ್ಪನ ಸ್ನೇಹಿತರು. ನನ್ನನ್ನು ಎತ್ತಿ ಆಡಿಸಿದವರು. ಇನ್ನು ಮಾತಾಡಿಸ್ತಾರೋ ಇಲ್ಲವೋ."

ಪ್ರಸಾದ ತೆಗೆದುಕೊಂಡು ನಾಲ್ಕೈದು ಸಂಸಾರಗಳು ನಗುತ್ತ, ಕೈಮುಗಿಯುತ್ತ ಅವರಿಬ್ಬರ ಪಕ್ಕದಿಂದಲೇ ಹಾದುಹೋದವು. ರಬ್ಬಿ ಅವರನ್ನೇ ನೋಡುತ್ತ ನಿಂತರು.

"ನಿಜ ಹೇಳಲಾ? ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಆಫೀಸಿನ ಕಿಟಕಿಯಿಂದ ದಿನಾ ನೋಡ್ತೀನಿ. ನಿಮ್ಮವರೆಲ್ಲ ಎಷ್ಟು ನೆಮ್ಮದಿಯಾಗಿ ಮನೆಗೆ ಹೋಗ್ತಾರೆ! ಅವರಿಗೆಲ್ಲ ನೀವು ಏನು ಹೇಳ್ತೀರಿ?"

ಒಂದು ಕ್ಷಣ ರಾಮಮೂರ್ತಿಗಳ ಮುಖ ಅರಳಿತು. ಉತ್ತರ ಹುಡುಕಿದರು. ಹುಡುಕಿದಷ್ಟೂ ಮುಖ ಬಾಡುತ್ತ ಬಂತು. ಪ್ರಸಾದದ ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದು ರಬ್ಬಿಯ ಅಂಗೈಯಲ್ಲಿಟ್ಟರು.

"ಏನೂ ಹೇಳೋದಿಲ್ಲ," ಎಂದರು.