ಎಡತೋಳು

ಸ್ವೆಟರಿನ ಎರಡನೇ ತೋಳೂ ಮುಗಿದ ದಿನ ಅಂಬುಜಾಕ್ಷಿಗೆ ಊಟವೇ ಸೇರಲಿಲ್ಲ. ಎಂಟು ತಿಂಗಳಿಂದ ಪ್ರತಿ ಗುರುವಾರ ಉಲ್ಲನ್ ಅಂಗಡಿಗೆ ಹೋಗಲು ಅದೊಂದೇ ನೆಪವಾಗಿತ್ತು. ಬಣ್ಣ ಆರಿಸುವುದಕ್ಕೇ ಮೂರು ವಾರ ಎಳೆದಿದ್ದಳು. ವಾರವಿಡೀ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಅಲ್ಲಿ ಮಾತ್ರ.

ಅಂಗಡಿಯಾಕೆ ಎಂದಿನಂತೆ ಒಬ್ಬಳೇ ಕೂತಿದ್ದಳು. ಸ್ವೆಟರನ್ನು ಮೇಜಿನ ಮೇಲೆ ಹರಡಿ, ತಿರುಗಿಸಿ ಮುರುಗಿಸಿ ನೋಡಿದಳು.

"ಮುಗಿಸೇಬಿಟ್ರಾ ಅಕ್ಕಾ?"

"ಹೂಂ. ಇನ್ನೇನೂ ಉಳಿದಿಲ್ಲ."

"ಯಾರಿಗೆ ಇದು?"

"ಯಾರಿಗೂ ಅಲ್ಲ. ಸುಮ್ನೆ ಹೆಣೆದೆ."

"ಇನ್ನೊಂದು ಶುರು ಮಾಡಲ್ವಾ?"

"ಯಾರಿಗೆ ಅಂತ ಮಾಡ್ಲಿ?"

ಅಂಗಡಿಯಾಕೆ ಟೇಪು ತೆಗೆದು ಎರಡೂ ತೋಳು ಅಳೆದಳು. ಇನ್ನೊಮ್ಮೆ ಅಳೆದಳು.

"ಎಡತೋಳು ಒಂದಿಂಚು ಉದ್ದ ಆಗಿದೆಯಲ್ಲ ಅಕ್ಕಾ. ನಡುವೆ ಸರಿಮಾಡೋಕೆ ಬರಲ್ಲ, ಪೂರ್ತಿ ಬಿಚ್ಚಿ ಮತ್ತೆ ಹೆಣೀಬೇಕು. ಎಷ್ಟಾಗತ್ತೋ ಅಷ್ಟು ಹೆಣೆದು ಬರೋ ಗುರುವಾರ ತನ್ನಿ, ನೋಡ್ತೀನಿ" ಎಂದಳು, ತಲೆ ಎತ್ತದೆ.

ಮನೆಗೆ ಬಂದವಳೇ ಅಂಬುಜಾಕ್ಷಿ ತನ್ನ ಟೇಪು ಹುಡುಕಿ ಅಳೆದಳು. ಎರಡು ತೋಳೂ ಹದಿನೇಳೂವರೆ ಇಂಚು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಟೇಪನ್ನು ಸುತ್ತಿಟ್ಟು, ಎಡತೋಳಿನ ನೂಲಿನ ತುದಿ ಹಿಡಿದು ಎಳೆಯತೊಡಗಿದಳು.