ಅಪ್ಪನ ಟ್ರಂಕಿನೊಳಗೆ

ನಗಬೇಡಿ, ಪರದೇಶದ ಗ್ಲೆನ್ ವೇವರ್ಲಿಯಲ್ಲಿರುವ ಮಗಳ ಮನೆಯಲ್ಲಿ ವಾರ್ಡ್‌ರೋಬ್ ತೆರೆದಾಗ ನುಸಿಗುಳಿಗೆಯ ವಾಸನೆ ಬಂದರೆ ಸಾಕು, ಈ ಮುದುಕಿಗೆ ಮತ್ತೆ ಆರು ವರ್ಷ.

ಕಣ್ಣಾಮುಚ್ಚಾಲೆಯಲ್ಲಿ ನನ್ನನ್ನು ಹಿಡಿದವರು ಇಡೀ ಧಾರವಾಡದಲ್ಲೇ ಇರಲಿಲ್ಲ. ಯುದ್ಧದ ಆ ಮಧ್ಯಾಹ್ನ ಅವ್ವನನ್ನು ಬೆಚ್ಚಿಬೀಳಿಸಲೆಂದು ಅಪ್ಪನ ತಗಡಿನ ಟ್ರಂಕಿನೊಳಗೆ, ನುಸಿಗುಳಿಗೆ ನಾರುವ ಅವನ ಒರಟು ಉಣ್ಣೆಯ ಕೋಟಿನ ಮೇಲೆ ಮುದುಡಿ ಕೂತಿದ್ದೆ. ಅಪ್ಪ ದೂರದ ನೌಕಾನೆಲೆಯಲ್ಲಿದ್ದ.

ಪಕ್ಕದ ಮನೆಯ ಶಾಂತಕ್ಕ ಓಡಿಬಂದಳು. "ವೈನಿ, ಅಣ್ಣಾರ ನೌಕಾನೆಲಿ ಮ್ಯಾಲೆ ಒಮ್ಮಿಂದೊಮ್ಮೆಲೆ ಬಾಂಬ್ ಹಾಕ್ಯಾರಂತ. ಈಗ ರೇಡಿಯೋದಾಗ ಹೇಳಿದ್ರು."

ಅವ್ವ ಟ್ರಂಕಿನ ಮೇಲೇ ಕುಸಿದು ಕೂತಳು. ಮುಚ್ಚಳ ನನ್ನ ನೆತ್ತಿಗೆ ಒತ್ತಿತು. ತಗಡು ನಡುಗುತ್ತಿತ್ತು.

"ಆ ಕಿಡಿಗೇಡಿ ಎಲ್ಲಿ ಹೋದ್ಲು? ಬಂದ್ರ ಏನಂತ ಹೇಳ್ಲಿ, ಶಾಂತಾ?"

"ಹುಡುಕ್ಲೇನ್ರೀ?"

"ಬ್ಯಾಡ. ಇನ್ನೊಂದೀಟು ಹೊತ್ತು ಆಡ್ಲಿ."

ನಾನು ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಕೂತೆ.