ಕೂಡುವ ದೃಶ್ಯ

"ನನ್ನ ನಾಟಕದಲ್ಲಿ ಅವಳು ವಾಪಸ್ ಬರೋದಿಲ್ಲ. ಬರಬಾರದು." ಫೆಂಗ್ ಮೇಷ್ಟ್ರು ಉಪ್ಪಿನ ಸಾಹುಕಾರನ ಹಜಾರದಲ್ಲಿ, ಕೆಂಪು ಜಮಖಾನದ ನಟ್ಟನಡುವೆ ನಿಂತುಬಿಟ್ಟಿದ್ದರು. ಯಾಂಗ್‌ಝೌ ಊರಿನಲ್ಲಿ ಆ ಜಮಖಾನ ಹಾಸಿದರೆ ಅದೇ ರಂಗಸ್ಥಳ. ಅತಿಥಿಗಳ ಊಟ ಮುಗಿದು ಇನ್ನೇನು ಆಟ ಶುರುವಾಗಬೇಕು, ಬರೆದವರೇ ಅಡ್ಡ ನಿಂತರೆ ಆಡುವವರು ಎಲ್ಲಿಗೆ ಹೋಗಬೇಕು?

ನಾಟಕ ಮಂಡಳಿಯ ಯಜಮಾನ ಹೊಂಗ್, ಮೇಷ್ಟ್ರ ತೋಳು ಹಿಡಿದು ಪಕ್ಕಕ್ಕೆ ಕರೆದ. "ಮೇಷ್ಟ್ರೇ, ಸಾಹುಕಾರರ ತಾಯಿಗೆ ಇವತ್ತು ಎಪ್ಪತ್ತು ತುಂಬ್ತು. ಹುಟ್ಟುಹಬ್ಬದ ದಿನ ಗಂಡ ಹೆಂಡ್ತಿ ಸೇರದೆ ಆಟ ಮುಗಿಸಿದ್ರೆ ಮನೆಗೆ ಅಪಶಕುನ. ನಮಗೆ ಊಟ ಹಾಕೋದಿರ್ಲಿ, ಬೆನ್ನಿಗೆ ನಾಲ್ಕು ಬಿಗಿದು ಕಳಿಸ್ತಾರೆ. ಯಾರ ನಾಟಕ ಆದ್ರೂ ಅಷ್ಟೇ, ಕಡೇಲಿ ಎಲ್ಲರೂ ಕೂಡಲೇಬೇಕು."

"ಹಾಗಾದ್ರೆ ಬೇರೆ ಯಾರದ್ದಾದ್ರೂ ಆಡು."

"ಅಮ್ಮಾವ್ರು ನಿಮ್ದೇ ಬೇಕು ಅಂದ್ರಲ್ಲ. ಅಳೋದಕ್ಕೆ ಬಲು ಚೆನ್ನಾಗಿದೆಯಂತೆ. ಆದ್ರೆ ಅಳ್ತಾ ಅಳ್ತಾ ಎದ್ದು ಹೋಗೋದು ಮಾತ್ರ ಬೇಡವಂತೆ. ನಾನು ಎಷ್ಟು ದಿನ ನಿಮ್ಮ ಬಾಗಿಲು ತಟ್ಟಿದೆ, ನಾಲ್ಕು ಸಾಲು ಬರ್ಕೊಡಿ ಅಂತ? ಕೊಟ್ರಾ? ಈಗ ಹೆಂಡ್ತಿ ಪಾತ್ರದ ಯುನ್‌ಶೆಂಗ್ ಬಾಯಿಗೆ ಬಂದದ್ದು ಹೇಳ್ತಾನೆ. ಕೂತು ಕೇಳಿ."

ಮೇಷ್ಟ್ರು ಯಾಕೆ ಬರೆಯಲಿಲ್ಲ ಎಂಬುದು ಓಣಿಗೆಲ್ಲ ಗೊತ್ತು. ಹರೆಯದಲ್ಲಿ ಅಧಿಕಾರಿಯಾಗುವ ಹುಚ್ಚು ಹತ್ತಿ, ಹೆಂಡತಿ ಸುಲಾನಳನ್ನು ಬಿಟ್ಟು ದೂರದ ನಗರಕ್ಕೆ ಪರೀಕ್ಷೆ ಬರೆಯಲು ಹೋಗಿದ್ದರು. ಅಲ್ಲಿ ನಪಾಸು. ಜೋಲುಮುಖ ಹೊತ್ತು ಮರಳಿದರೆ ಮನೆಗೆ ಬೀಗ. ಪಕ್ಕದ ಮನೆಯವಳು ಕೀಲಿ ತಂದು ಕೈಗಿಟ್ಟಳು. ಸುಲಾನ್ ಜ್ವರ ಬಂದು ತೀರಿಕೊಂಡು ಆಗಲೇ ಮಣ್ಣಾಗಿದ್ದಳು. ಅದನ್ನೇ ಮೇಷ್ಟ್ರು ನಾಟಕ ಮಾಡಿದರು. ಗಂಡ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ, ಅಲ್ಲಿಗೆ ಮುಗಿಯಿತು. ಅವಳನ್ನು ಎಬ್ಬಿಸಿ ತಂದು ನಗಿಸಿಬಿಟ್ಟರೆ ಅವಳು ಒಬ್ಬಳೇ ಸತ್ತದ್ದೇ ಸುಳ್ಳಾಗುತ್ತದಲ್ಲ? ಆಮೇಲೆ ಅವಳಿಗಾಗಿ ಅಳುವವರು ಯಾರು? ಮಕ್ಕಳಿಲ್ಲ ಮರಿಯಿಲ್ಲ, ಇವರೊಬ್ಬರೇ.

ಆಟ ಶುರುವಾಯಿತು. ಕಂಬದ ಹಿಂದಿನ ಮಣೆಯ ಮೇಲೆ ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೂತರು. ಅವಳು ಬಂದ ತಕ್ಷಣ ಎದ್ದು ನಿಂತು, ಇದು ಸುಳ್ಳು ಎಂದು ಕೂಗಿಬಿಡಬೇಕು. ಸಾಹುಕಾರ ಹೊಡೆಸಿದರೆ ಹೊಡೆಸಲಿ.

ಕೀಲಿಯ ದೃಶ್ಯ ಬಂತು. ಸಾಹುಕಾರನ ತಾಯಿ ಅಂಗಿಯ ತೋಳಿನ ತುದಿಯಿಂದ ಕಣ್ಣೊರೆಸಿಕೊಂಡರು. ಆಗ ಪರದೆ ಸರಿಸಿಕೊಂಡು ಹೆಂಡತಿಯ ವೇಷದ ಯುನ್‌ಶೆಂಗ್ ಬಂದ. ಕೊಳಲಿನವನು ಹಾಡಿಗಾಗಿ ಕಾದ. ಹಾಡೆಲ್ಲಿದೆ, ಬರೆದವರು ಯಾರು? ಯುನ್‌ಶೆಂಗ್ ಬೆವೆತ. ಅತ್ತಿತ್ತ ನೋಡಿದ. ಕಡೆಗೆ ಏನೂ ತೋಚದೆ ಮೆಲ್ಲಗೆ ಅಂದ:

"ಬಂದ್ರಾ? ಕಾಲು ತೊಳ್ಕೊಳ್ಳಿ, ಗಂಜಿ ಬಿಸಿ ಮಾಡ್ತೀನಿ."

ಹಜಾರವೆಲ್ಲ ಗೊಳ್ಳೆಂದಿತು. ಅಮ್ಮಾವ್ರು ಅಳುತ್ತಲೇ ನಕ್ಕರು, ತಾಳ ಜಾಗಟೆ ಮೊಳಗಿದವು. ಮೇಷ್ಟ್ರು ಅರ್ಧ ಎದ್ದಿದ್ದರು, ಬಾಯಿಯೂ ತೆರೆದಿತ್ತು. ಬಂದ್ರಾ ಎಂದು ಅವರನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಕೂಗದೆ ಮತ್ತೆ ಮಣೆಯ ಮೇಲೆ ಕೂತರು.

ಎಲ್ಲರೂ ಸಿಹಿ ತಿನ್ನಲು ಅಂಗಳಕ್ಕೆ ಹೋದ ಮೇಲೆ ಅವರು ಬಣ್ಣದ ಕೋಣೆಗೆ ಬಂದರು. ಯುನ್‌ಶೆಂಗ್ ಒಬ್ಬನೇ ಕೂತು ಎಣ್ಣೆಬಟ್ಟೆಯಿಂದ ಮುಖ ಒರೆಸುತ್ತಿದ್ದ. ಎಡಗೆನ್ನೆಯ ಬಣ್ಣ ಆಗಲೇ ಹೋಗಿ ಕುರುಚಲು ಗಡ್ಡ ಕಾಣುತ್ತಿತ್ತು. ಬಲಗೆನ್ನೆ ಇನ್ನೂ ಸುಲಾನಳದು.

"ಬೈಯೋಕೆ ಬಂದ್ರಾ ಮೇಷ್ಟ್ರೇ? ತಪ್ಪಾಯ್ತು. ಬಾಯಿಗೆ ಬೇರೇನೂ ಬರಲಿಲ್ಲ. ನಾಳೆಯಿಂದ ನೀವು ಬರೆದುಕೊಟ್ಟದ್ದನ್ನೇ ಹೇಳ್ತೀನಿ."

ಮೇಷ್ಟ್ರು ಸ್ಟೂಲು ಎಳೆದುಕೊಂಡರು. ಎಡಕ್ಕೆ ಹಾಕಿದ್ದನ್ನು ಎತ್ತಿ ಅವನ ಬಲಕ್ಕೆ ಹಾಕಿ ಕೂತರು.

"ಉಳಿದದ್ದು ಒರೆಸಬೇಡಪ್ಪ. ಇನ್ನೊಂದ್ಸಲ ಹೇಳು."

ಯುನ್‌ಶೆಂಗ್ ಮೇಷ್ಟ್ರ ಮುಖವನ್ನೇ ನೋಡಿದ. ಬಟ್ಟೆ ಕೆಳಗಿಟ್ಟು, ವೇಷದ ಉದ್ದ ತೋಳು ಸರಿಮಾಡಿಕೊಂಡು, ಆ ಹೆಣ್ಣುದನಿಯಲ್ಲೇ ಹೇಳಿದ: "ಬಂದ್ರಾ? ಕಾಲು ತೊಳ್ಕೊಳ್ಳಿ..."

ಮೇಷ್ಟ್ರು ಬಗ್ಗಿ ತಮ್ಮ ಕಾಲಿನ ಜೋಡು ಕಳಚತೊಡಗಿದರು.